ಎಡಕ್ಕೆ ಕುಡಿಯುವ ನೀರು

ಸಭೆ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ಮೇಷ್ಟ್ರು ಬೆಳಿಗ್ಗೆ ಆರಕ್ಕೇ ಅಂಗಿಗೆ ಇಸ್ತ್ರಿ ಹಾಕಿ, ಅದನ್ನು ಕುರ್ಚಿಯ ಬೆನ್ನಿಗೆ ತೊಡಿಸಿ, ಅದರೆದುರು ಸುಮ್ಮನೆ ಕೂತುಬಿಟ್ಟಿದ್ದರು. ಒಬ್ಬರೇ ಇರುವ ಮನೆಯಲ್ಲಿ ಕುರ್ಚಿಗೆ ಅಂಗಿ ತೊಡಿಸಿದರೆ ಯಾರೋ ಬಂದು ಕೂತ ಹಾಗೆ ಕಾಣುತ್ತದೆ. ಬಂದವರಿಗೆ ತಲೆಯಿಲ್ಲ, ಆದ್ದರಿಂದ ಪ್ರಶ್ನೆಯೂ ಇಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯ ನೆಂಟರು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಊರವರ ನಲ್ಲಿಗಳನ್ನೆಲ್ಲ ಸರಿಮಾಡುವವರ ಮನೆಯ ನಲ್ಲಿ ಸೋರುವುದೇನೂ ಅಪರೂಪವಲ್ಲ, ಆದರೆ ಈ ಮನೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ನಾಲ್ಕು ತಿಂಗಳಿಂದ ಮೇಷ್ಟ್ರಿಗೆ ಸ್ಪ್ಯಾನರು ಹಿಡಿದು ಅದರ ಹತ್ತಿರ ಹೋಗಲು ಮನಸ್ಸೇ ಆಗುತ್ತಿರಲಿಲ್ಲ. ಕೆಳಗೊಂದು ಪಾತ್ರೆ ಇಟ್ಟಿದ್ದರು. ಪಾತ್ರೆ ತುಂಬಿದಾಗ ಚೆಲ್ಲುತ್ತಿದ್ದರು. ಕಾಲೇಜಿನ ಹುಡುಗರು ಇದನ್ನು ನೋಡಿದ್ದರೆ ವರ್ಷವಿಡೀ ನಗುತ್ತಿದ್ದರು.

ಏಳಕ್ಕೆ ತಂಗಿಯ ಫೋನು ಬಂತು. ಬೇರೆ ಊರಲ್ಲಿರುವ ಆಕೆ ವಾರಕ್ಕೊಮ್ಮೆ, ಅಡುಗೆಗೆ ಕೈ ಹಚ್ಚುವ ಮೊದಲು, ಅಣ್ಣ ಬದುಕಿದ್ದಾನೋ ಇಲ್ಲವೋ ಎಂದು ನೋಡಿಕೊಳ್ಳುತ್ತಾಳೆ.

"ಅಣ್ಣಾ, ಎದ್ಯಾ? ಧ್ವನಿ ಯಾಕೋ ಒಂಥರಾ ಇದೆ."

"ಇನ್ನೂ ಮಾತೇ ಆಡಿಲ್ವಲ್ಲೇ ನಾನು."

"ಅದಕ್ಕೇ ಕೇಳಿದ್ದು."

ಮೇಷ್ಟ್ರಿಗೆ ನಗು ಬಂತು. ನಗುವಿನ ಬಾಲ ಹಿಡಿದುಕೊಂಡೇ ಹೇಳಿಬಿಡಬಹುದಿತ್ತು. "ಒಂದು ವಿಷಯ ಹೇಳ್ಬೇಕಿತ್ತು ಕಣೇ," ಎಂದು ಶುರುವನ್ನೂ ಮಾಡಿದರು. "ಹೇಳು," ಎಂದಳು ತಂಗಿ. ಆಚೆ ಕಡೆ ಕುಕ್ಕರ್ ಕೂಗಿತು, ಯಾರೋ ಕಾಲುಚೀಲ ಎಲ್ಲಿ ಎಂದು ಕೇಳಿದರು, ಒಂದು ಮನೆ ತುಂಬ ಜನ ಒಮ್ಮೆಲೇ ಓಡಾಡಿದ ಸದ್ದು ಕಿವಿಗೆ ಬಂತು. ಅಷ್ಟು ಜನರ ನಡುವೆ ಇದನ್ನು ಎಲ್ಲಿ ಇಡುವುದೆಂದು ತೋಚದೆ, "ಏನಿಲ್ಲ, ಈ ರಜಕ್ಕೂ ಬರೋಕಾಗಲ್ಲ," ಎಂದರು. "ನೀನು ಯಾವ ರಜಕ್ಕೆ ಬಂದಿದೀಯ ಅಣ್ಣ?" ಎಂದಳು ತಂಗಿ. ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಫೋನು ಇಟ್ಟಮೇಲೆ ಅವರಿಗೆ ಅನ್ನಿಸಿತು.

ಕಾಲೇಜಿಗೆ ನಡೆದೇ ಹೋದರು. ಅದು ಕೆಲಸ ಕಲಿಸುವ ಕಾಲೇಜು, ಊರವರಿಗೆಲ್ಲ ತೆರೆದ ಬಾಗಿಲು; ಹದಿನೆಂಟರವರೂ ಬರುತ್ತಾರೆ, ಅರವತ್ತರವರೂ ಬರುತ್ತಾರೆ. ನೆಲಮಹಡಿಯಲ್ಲಿ ಪೈಪು, ವೈರು, ಮರದ ಕೆಲಸದ ಶೆಡ್ಡುಗಳು. ಮೊದಲ ಮಹಡಿಯಲ್ಲಿ ಸಾರ್ವಜನಿಕ ಆರೋಗ್ಯದ ತರಗತಿ. ಎರಡನೆಯದರಲ್ಲಿ ತತ್ವಶಾಸ್ತ್ರ, ಭಾಷೆ ಇತ್ಯಾದಿ. ಕೆಳಗೆ ಕೈ, ನಡುವೆ ಹೊಟ್ಟೆ, ಮೇಲೆ ತಲೆ ಎಂದು ಯಾರೋ ತಮಾಷೆ ಮಾಡಿದ್ದು ಹಾಗೇ ಉಳಿದುಕೊಂಡಿತ್ತು. ಇಪ್ಪತ್ತೆರಡು ವರ್ಷ ಮೇಷ್ಟ್ರು ಕೈಯ ಮಹಡಿ ಬಿಟ್ಟು ಮೇಲೆ ಹತ್ತಿದ್ದು ಅಲ್ಲಿನ ಕಕ್ಕಸಿನ ಟ್ಯಾಂಕು ಸೋರಿದಾಗ ಮಾತ್ರ. ಎಲ್ಲರೂ ಅವರನ್ನು ನಲ್ಲಿ ಮೇಷ್ಟ್ರು ಎನ್ನುತ್ತಿದ್ದರು, ಎದುರಿಗೆ ಬರೀ ಮೇಷ್ಟ್ರು. ಈ ವರ್ಷ ಹೊಸ ನಿಯಮ ಬಂದು, ಡಿಗ್ರಿಯಿಲ್ಲದ ಬೋಧಕರೆಲ್ಲ ಮೇಲಿನ ಮಹಡಿಯ ಒಂದು ವಿಷಯವನ್ನಾದರೂ ಓದಿ ಪಾಸು ಮಾಡಲೇಬೇಕೆಂದಾಯಿತು. ಅವರ ಪುರುಸೊತ್ತಿಗೆ ಹೊಂದಿದ್ದು ತತ್ವಶಾಸ್ತ್ರವೊಂದೇ. ಹೀಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ತಮ್ಮದೇ ಶಿಷ್ಯರ ಪಕ್ಕದಲ್ಲಿ, ಮೊಣಕಾಲು ತೂರದ ಡೆಸ್ಕಿನಲ್ಲಿ ಅಡ್ಡಡ್ಡ ಕೂರುವ ಯೋಗ ಅವರಿಗೆ ಒದಗಿತ್ತು. ಮೊದಲ ದಿನ ಹಾಜರಿ ಕೂಗಿದಾಗ ಅಭ್ಯಾಸಬಲದಿಂದ ಎದ್ದು ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ಅವರದೇ ಇಬ್ಬರು ಶಿಷ್ಯರು ಕೆಮ್ಮಿದರು. ಆ ಕೆಮ್ಮು ಅವರಿಗೆ ಚೆನ್ನಾಗಿ ಗೊತ್ತು, ನಗು ನುಂಗಿದವರ ಕೆಮ್ಮು.

ತತ್ವಶಾಸ್ತ್ರದ ಮೇಡಂ ಚಿಕ್ಕವಳು, ಮೂವತ್ತೆರಡೋ ಮೂವತ್ಮೂರೋ ಇರಬೇಕು. ಬೋರ್ಡಿನ ಕಡೆ ತಿರುಗಿ ಬರೆಯುವಾಗಲೂ ಮಾತಾಡುತ್ತಲೇ ಇರುತ್ತಾಳೆ, ಕೇಳಿಸದವರು ಊಹಿಸಿಕೊಳ್ಳಬೇಕು. ಇವತ್ತು ಮಾತ್ರ ತಿರುಗಿ ನಿಂತೇ ಕೇಳಿದಳು.

"ಒಬ್ಬ ಗೊತ್ತಿಲ್ಲದೆ ಒಂದು ತಪ್ಪು ಮಾಡ್ತಾನೆ ಅಂತಿಟ್ಕೊಳ್ಳಿ. ಯಾವತ್ತೋ ಒಂದಿನ ಅವನಿಗೆ ಗೊತ್ತಾಗುತ್ತೆ. ಅವನು ತಪ್ಪಿತಸ್ಥ ಆಗಿದ್ದು ಯಾವತ್ತಿಂದ? ಮಾಡಿದ ದಿನದಿಂದಲೋ, ಗೊತ್ತಾದ ದಿನದಿಂದಲೋ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಮೇಷ್ಟ್ರು ನಿಜಕ್ಕೂ ಹೆಗಲು ಮುಟ್ಟಿಕೊಂಡರು. ಇಸ್ತ್ರಿಯ ಅಂಗಿಗೆ ಎಲ್ಲೋ ಸುಣ್ಣ ತಾಗಿದೆಯೇನೋ ಎಂಬಂತೆ ಒರೆಸಿಕೊಂಡರು. ಇವಳಿಗೆ ಗೊತ್ತಿದೆ ಎಂದುಕೊಂಡರು. ಮರುಕ್ಷಣ, ಛೆ, ಇದು ಪಾಠದ ಪುಸ್ತಕದಲ್ಲೇ ಇರುವ ಪ್ರಶ್ನೆ ಎಂದು ನೆನಪಾಯಿತು. ಹಿಂದಿನ ವಾರವೇ ಅದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದವರು ಅವರೇ. ಮುಂದಿನ ಸಾಲಿನ ಹುಡುಗಿಯೊಬ್ಬಳು, ಗೊತ್ತಾದ ದಿನವೇ ಹೇಳಿಬಿಟ್ಟರೆ ತಪ್ಪೇ ಇಲ್ಲ ಮೇಡಂ, ಎಂದಳು. ಹೇಳದೆ ಇದ್ದರೆ, ಎಂದು ಮರಗೆಲಸದವನೊಬ್ಬ ಕೇಳಿದ. ಆಗ ಎರಡು ತಪ್ಪು, ಎಂದಳು ಹುಡುಗಿ. ಎಷ್ಟು ಸಲೀಸು ಲೆಕ್ಕ. ಇಪ್ಪತ್ತು ವರ್ಷದವರಿಗೆ ನ್ಯಾಯವೆಂದರೆ ಕೂಡುವುದು, ಕಳೆಯುವುದು.

"ಮೇಷ್ಟ್ರೇ, ನೀವೇನಂತೀರಿ? ಅನುಭವಸ್ಥರು," ಎಂದಳು ಮೇಡಂ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಂಗೆ ಇದೆಲ್ಲ ಗೊತ್ತಾಗಲ್ಲ ಮೇಡಂ. ಗೋಡೆ ಒಳಗೆ ಪೈಪು ಸೋರ್ತಿದ್ರೆ, ಗೋಡೆ ಒದ್ದೆ ಆಗೋವರೆಗೂ ಮನೆಯವರಿಗೆ ಗೊತ್ತಾಗಲ್ಲ. ಆದ್ರೆ ನೀರಿನ ಮೀಟರು ಮೊದಲನೇ ದಿನದಿಂದಲೇ ತಿರುಗ್ತಾ ಇರುತ್ತೆ."

ಹಿಂದಿನ ಬೆಂಚಿನ ಶಿಷ್ಯನೊಬ್ಬ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಮೇಡಂ ಬೋರ್ಡಿನ ಮೇಲೆ ಮೀಟರು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಜೀವನದಲ್ಲಿ ಮೊದಲ ಸಲ ಮೇಲಿನ ಮಹಡಿಯಲ್ಲಿ ಅವರಿಗೆ ಹೊಗಳಿಕೆ ಸಿಕ್ಕಿತ್ತು. ಅದು ಕೆನ್ನೆಗೆ ಬಾರಿಸಿದಂತೆ ಇತ್ತು. ಮುಖ ಬಿಸಿಯಾಗಿ, ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯುತ್ತ, ಗಂಟೆ ಹೊಡೆಯುವುದನ್ನೇ ಕಾಯುತ್ತ ಕೂತರು.

ಹೊರಗೆ ಬಂದಾಗ ಮೇಡಂ ಅವರ ಜೊತೆಗೇ ಮೆಟ್ಟಿಲಿಳಿದಳು. ಮೂರು ಗಂಟೆಯ ಸಭೆಗೆ ಬರುತ್ತೀರಲ್ಲ ಎಂದು ಕೇಳಿದಳು. ತಾನೂ ಬರುತ್ತೇನೆ ಎಂದಳು. ಬರದೆ ಇರುತ್ತಾಳೆಯೇ, ಅವಳ ಮಗಳಲ್ಲವೇ. ಕಾಲೇಜಿನ ಹಿಂದಿನ ಶಿಶುವಿಹಾರದಲ್ಲಿ, ಇಲ್ಲಿ ಓದುವವರ, ಕಲಿಸುವವರ ಮಕ್ಕಳು ಆಡಿಕೊಂಡಿರುವ ಆ ಎರಡು ಕೋಣೆಯಲ್ಲಿ, ನಾಲ್ಕು ತಿಂಗಳ ಹಿಂದೆ ಒಂಬತ್ತು ಮಕ್ಕಳು ವಾಂತಿಭೇದಿಯಾಗಿ ಮಲಗಿದ್ದರು. ಎಂಟು ಮಕ್ಕಳು ವಾರದೊಳಗೆ ಎದ್ದು ಓಡಾಡಿದವು. ಮೇಡಮ್ಮಿನ ಮಗಳು ಮಾತ್ರ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು.

"ಈಗ ಆರಾಮಾಗಿದಾಳೆ. ಆದ್ರೆ ನೀರು ಕೊಟ್ರೆ ಮೊದಲು ನಾನು ಒಂದು ಗುಟುಕು ಕುಡಿದು ತೋರಿಸ್ಬೇಕು. ಆಮೇಲೇ ಅವಳು ಲೋಟ ಮುಟ್ಟೋದು. ನಾಲ್ಕು ವರ್ಷದ್ದು, ನೋಡಿ." ಅವಳು ನಕ್ಕಳು. "ಅಲ್ಲಿ ನಲ್ಲಿ ಜೋಡಿಸಿದ ನಿಮ್ಮ ಶಿಷ್ಯೆ ಸೂಜಿ ಅವರ ಮೇಲೆ ಮೊದಲು ತುಂಬಾ ಸಿಟ್ಟಿತ್ತು ನಂಗೆ. ಒಂದಿನ ಮನೆಗೇ ಬಂದಿದ್ರು. ಬಾಗಿಲಲ್ಲೇ ನಿಂತು, ನನ್ನ ಕೈಯಿಂದ ತಪ್ಪಾಯ್ತು ಅಂದ್ರು. ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ. ಮಗಳಿಗೆ ಅಂತ ಒಂದು ಗೌನು ಹೊಲ್ಕೊಂಡು ಬಂದಿದ್ರು, ಅಳತೆ ಇಲ್ದೇನೇ. ಸರಿಯಾಗಿ ಕೂತಿದೆ. ಆಮೇಲೆ ಎಲ್ಲಿ ಸಿಟ್ಟು ಮಾಡ್ಕೊಳ್ಳೋದು ಹೇಳಿ."

ಮೇಷ್ಟ್ರು ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡು ನಿಂತರು. ಆ ಗೌನಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಯಾವ ಬಣ್ಣದ್ದು ಎಂದು ಕೇಳಬೇಕೆನ್ನಿಸಿ, ಕೇಳುವುದಕ್ಕೆ ತಮಗೇನು ಹಕ್ಕು ಎನ್ನಿಸಿ, ಕೆಳಗೆ ಶೆಡ್ಡಿನಲ್ಲಿ ಕೆಲಸವಿದೆ ಎಂದು ಗೊಣಗಿ ಇಳಿದುಹೋದರು.

ಶೆಡ್ಡಿನಲ್ಲಿ ಊಟದ ಹೊತ್ತು, ಯಾರೂ ಇರಲಿಲ್ಲ. ತಾಮ್ರದ ತುಂಡುಗಳು, ಬೆಸುಗೆಯ ಸುರುಳಿ, ಒದ್ದೆ ಬಟ್ಟೆಯ ವಾಸನೆ. ಇದು ಅವರ ನಿಜವಾದ ಮನೆ; ಇಲ್ಲಿ ಸಂಜೆ ಐದರಿಂದ ಆರೂವರೆಯವರೆಗೆ, ಎಲ್ಲರೂ ಹೋದಮೇಲೆ, ಇಪ್ಪತ್ತೆರಡು ವರ್ಷ ಅವರು ಯಾರಿಗೂ ಹೇಳದೆ ಒಂದು ಕೆಲಸ ಮಾಡಿಕೊಂಡು ಬಂದಿದ್ದರು. ಶಿಷ್ಯರು ಹಾಕಿಹೋದ ಜೋಡಣೆಗಳಲ್ಲಿ ಚೆನ್ನಾಗಿಲ್ಲದ್ದನ್ನು ಬಿಚ್ಚಿ, ಮತ್ತೆ ಕಾಯಿಸಿ, ಮತ್ತೆ ಬೆಸೆದು ಇಡುತ್ತಿದ್ದರು. ಮೊದಲ ಸಲ ಯಾಕೆ ಮಾಡಿದರೆಂದು ನೆನಪಿಲ್ಲ. ಮಾರನೇ ದಿನ ತಪಾಸಣೆಯಿತ್ತು, ಹುಡುಗ ಬಡವ, ಫೇಲಾದರೆ ಬಿಟ್ಟುಹೋಗುತ್ತಿದ್ದ ಎಂದೇನೋ. ಆಮೇಲೆ ಅದೇ ಅಭ್ಯಾಸವಾಯಿತು. ಅಂಕುಡೊಂಕಿನ ಬೆಸುಗೆಯನ್ನು ಕಂಡರೆ ಅವರಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತಾಗುತ್ತಿತ್ತು. ಹೊರಗೆ ಕಟ್ಟಡಗಳಲ್ಲಿ ಅಪ್ರೆಂಟಿಸುಗಳು ಮಾಡಿದ ಕೆಲಸವನ್ನೂ ಬಿಡುತ್ತಿರಲಿಲ್ಲ. ಬೀಗದ ಕೈ ಅವರ ಬಳಿಯೇ ಇರುತ್ತಿತ್ತಲ್ಲ. ಬೆಳಿಗ್ಗೆ ಬಂದ ಶಿಷ್ಯ ತನ್ನ ಜೋಡಣೆ ನೋಡಿ, ಸರ್, ನಿನ್ನೆಗಿಂತ ಚೆನ್ನಾಗಿ ಕಾಣ್ತಿದೆ, ಎಂದರೆ, "ಬೆಸುಗೆ ಒಂದು ರಾತ್ರಿ ಮಲಗಿ ಎದ್ದ ಮೇಲೇ ಅದಕ್ಕೆ ಹೊಳಪು ಬರೋದು," ಎನ್ನುತ್ತಿದ್ದರು. ಪಾಪ, ನಂಬುತ್ತಿದ್ದವು. ಹಳೆಯ ಶಿಷ್ಯರು ಈಗ ಊರ ತುಂಬ ಮೇಸ್ತ್ರಿಗಳಾಗಿದ್ದಾರೆ, ತಮ್ಮ ಕೈಕೆಳಗಿನವರಿಗೂ ಇದನ್ನೇ ಹೇಳುತ್ತಾರಂತೆ. ಒಳ್ಳೆಯ ಮನಸ್ಸೇ ಇದು? ಹಾಗೆಂದೇ ತಿಳಿದಿದ್ದರು. ಮನೆಗೆ ಹೋಗುವುದಕ್ಕಿಂತ ಇದು ಚೆನ್ನಾಗಿತ್ತು ಎನ್ನುವುದೂ ಅಷ್ಟೇ ನಿಜ. ಆ ಒಂದೂವರೆ ಗಂಟೆ ಇಪ್ಪತ್ತು ಜನರ ಕೈಗಳು ಅವರ ಜೊತೆಗಿರುತ್ತಿದ್ದವು. ಇದು ಅವಸರದವನದು, ಇದು ಹೆದರುಪುಕ್ಕಲನದು, ಇದು ಇವತ್ತು ಯಾರ ಜೊತೆಗೋ ಜಗಳವಾಡಿ ಬಂದವನದು ಎಂದು ಮುಟ್ಟಿದರೇ ತಿಳಿಯುತ್ತಿತ್ತು. ಎದುರಿಗೆ ಬಂದರೆ ಅವರಿಗೆ ಎರಡು ಮಾತು ಆಡಲು ಬರುತ್ತಿರಲಿಲ್ಲ.

ಸೂಜಿ ಎರಡು ವರ್ಷದ ಹಿಂದೆ ಸೇರಿದ್ದಳು. ನಲವತ್ತಮೂರು ವಯಸ್ಸು, ಇಪ್ಪತ್ತು ವರ್ಷ ಹೊಲಿಗೆ ಮಾಡಿ ಕಣ್ಣು ಬೇಸತ್ತು ಪೈಪಿನ ಕೆಲಸಕ್ಕೆ ಬಂದವಳು. ಹುಡುಗರು ಸೂಜಿಯಕ್ಕ ಎಂದು ಹೆಸರಿಟ್ಟರು. ಆಕೆಯೂ ಅದಕ್ಕೇ ಓಗೊಟ್ಟಳು. ಏನನ್ನೂ ಎರಡು ಸಲ ಅಳೆಯುತ್ತಿದ್ದಳು. ಗುರುತಿಗೆ ಎಲ್ಲರೂ ಬಣ್ಣದ ಟೇಪು ಸುತ್ತಿದರೆ ಆಕೆ ದಾರ ಕಟ್ಟುತ್ತಿದ್ದಳು, ಟೇಪು ಬಿಸಿಗೆ ಬಿಚ್ಚಿಕೊಳ್ಳುತ್ತೆ ಸರ್, ಎಂದು. ಶಿಶುವಿಹಾರದ ಕೈತೊಳೆಯುವ ಜಾಗವನ್ನು ಹೊಸದಾಗಿ ಮಾಡಿದಾಗ ಅದು ಆಕೆಯ ಕೊನೆಯ ಪರೀಕ್ಷೆಯ ಕೆಲಸ. ಅಲ್ಲಿ ನೆಲದಿಂದ ಎರಡು ಪೈಪು ಮೇಲೆ ಬರುತ್ತವೆ. ಒಂದು ಊರಿನ ಕುಡಿಯುವ ನೀರು, ಇನ್ನೊಂದು ಕಕ್ಕಸಿಗೆ ಬಿಡಲು ಮಾಡಿನ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರು. ಮೇಷ್ಟ್ರು ಮೊದಲ ದಿನವೇ ಬರೆಸುವ ಸೂತ್ರ: ಎಡಕ್ಕೆ ಕುಡಿಯುವ ನೀರು, ಬಲಕ್ಕೆ ಬಳಸುವ ನೀರು. ಆ ಸಂಜೆ ಅವರು ಬೀಗ ತೆಗೆದು ಒಳಗೆ ಹೋಗಿ ಮೊಣಕಾಲೂರಿ ನೋಡಿದಾಗ ಕುಡಿಯುವ ನೀರಿನ ಗುರುತಿನ ನೀಲಿ ದಾರ ಬಲಗಡೆಯ ಪೈಪಿಗಿತ್ತು. ಅಯ್ಯೋ, ಎರಡು ಸಲ ಅಳೆಯುವವಳೂ ಎಡವಿದಳಲ್ಲ ಎಂದುಕೊಂಡರು. ಸಣ್ಣದೊಂದು ಖುಷಿಯೂ ಆಯಿತು, ಅದನ್ನೀಗ ಮುಚ್ಚಿಡುವುದೇಕೆ. ಬೇಸಿನ್ನಿನ ನಲ್ಲಿಯನ್ನು ಎಡಗಡೆಯ ಪೈಪಿಗೆ ತಿರುಗಿಸಿ ಬೆಸೆದರು. ದಾರ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದರು. ಬಹಳ ಚೆಂದದ ಬೆಸುಗೆ ಬಂತು. ಆದರೆ ಆ ಕಟ್ಟಡದ ನೆಲದಡಿ ಒಂದು ತೊಲೆ ಅಡ್ಡ ಬಂದು, ಪೈಪುಗಳೆರಡೂ ಅಲ್ಲೇ ಒಂದನ್ನೊಂದು ದಾಟಿ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಬಂದಿದ್ದವು. ಆಕೆ ಅದನ್ನು ಕಂಡುಕೊಂಡಿದ್ದಳು. ಇವರಿಗೆ ನೋಡುವ ಅಗತ್ಯವೇ ಕಾಣಲಿಲ್ಲ, ಸೂತ್ರ ಗೊತ್ತಿತ್ತಲ್ಲ. ತಪಾಸಣೆಯವರು ಸೋರುತ್ತದೆಯೋ ಇಲ್ಲವೋ ಎಂದು ನೋಡಿದರು, ಯಾವ ನೀರೆಂದು ಕೇಳಲಿಲ್ಲ. ಸೋರಲಿಲ್ಲ. ಮೂರನೆಯ ವಾರಕ್ಕೆ ಮಕ್ಕಳು ಮಲಗಿದವು.

ಗೋಡೆ ಒಡೆಸಿದ ದಿನ ಅಲ್ಲಿ ಹತ್ತು ಜನ ನಿಂತಿದ್ದರು. ಗಾರೆ ಉದುರಿ ತಾಮ್ರ ಕಂಡೊಡನೆ ಮೇಷ್ಟ್ರಿಗೆ ತಮ್ಮ ಕೈ ಕಂಡಿತು. ಅವರು ಎಡಚರು, ಬೆಸುಗೆ ಬಿಸಿಯಿರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಅವರ ಒರೆಸು ಎಲ್ಲರಿಗಿಂತ ಉಲ್ಟಾ ಸುತ್ತಿಗೆ ಹೋಗುತ್ತದೆ, ಅಂಚಿನಲ್ಲಿ ಒಂದು ಸಣ್ಣ ನಾಲಗೆ ಎಡಕ್ಕೆ ಉಳಿಯುತ್ತದೆ. ಅಲ್ಲಿ ಆ ನಾಲಗೆಯಿತ್ತು. ಹೇಳಬೇಕಾದ ಕ್ಷಣ ಅದು. ಅವರು ಬಾಯಿ ತೆರೆದರು, ಗಾರೆಯ ಧೂಳು ಹೋಗಿ ಕೆಮ್ಮು ಬಂತು, ಕೆಮ್ಮು ನಿಲ್ಲುವಷ್ಟರಲ್ಲಿ ಪ್ರಿನ್ಸಿಪಾಲರು ಸೂಜಿಯನ್ನು ಕರೆಸಿ ಎಂದಿದ್ದರು. ಒಂದು ಕೆಮ್ಮಿನಷ್ಟು ಹೊತ್ತು ತಡವಾಗಿದ್ದು ನಾಲ್ಕು ತಿಂಗಳಾಯಿತು. ವಿಚಾರಣೆಯ ದಿನ ಸೂಜಿ, "ಸರಿಯಾಗೇ ಜೋಡಿಸಿದ ನೆನಪು ಸರ್. ಆದ್ರೆ ಮಕ್ಕಳು ಮಲಗಿದ್ದು ನನ್ನ ನೆನಪಿಗಿಂತ ದೊಡ್ಡದಲ್ವಾ," ಎಂದಳು. ಮೇಷ್ಟ್ರು, "ಕಲಿಯೋರು ತಪ್ಪು ಮಾಡ್ತಾರೆ. ನನ್ನ ಕಣ್ಣಿಗೂ ಬೀಳ್ಲಿಲ್ಲ," ಎಂದರು. ಹೀಗೆ ಶಿಷ್ಯೆಯ ತಪ್ಪಿನಲ್ಲಿ ಪಾಲು ತೆಗೆದುಕೊಂಡದ್ದಕ್ಕೆ ಪ್ರಿನ್ಸಿಪಾಲರು ಅವರದು ದೊಡ್ಡ ಮನಸ್ಸು ಎಂದು ವರದಿಯಲ್ಲಿ ಬರೆಸಿದರು. ಆಕೆಯ ಸರ್ಟಿಫಿಕೇಟು ರದ್ದಾಯಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎನ್ನುತ್ತಾರೆ. ಮೇಷ್ಟ್ರು ತಳ್ಳಿಯೂ ಆಗಿತ್ತು, ಆಳ ನೋಡಲು ಮಾತ್ರ ಬಗ್ಗಿರಲಿಲ್ಲ.

ಆಕೆ ಮನೆಗೆ ಹೋಗಿ ಕೂರುತ್ತಾಳೆಂದುಕೊಂಡಿದ್ದರು. ಕೂರಲಿಲ್ಲ. ಮುಂದಿನ ತಿಂಗಳೇ ಅದೇ ಕಾಲೇಜಿನ ನಡುಮಹಡಿಗೆ, ಸಾರ್ವಜನಿಕ ಆರೋಗ್ಯದ ತರಗತಿಗೆ ಸೇರಿದಳು. ಆ ಮಕ್ಕಳಿಗೆ ಏನಾಯಿತು ಅಂತ ನನಗೆ ಪೂರ್ತಿ ತಿಳೀಬೇಕು, ಎಂದಳಂತೆ. ಇವತ್ತು ಮೂರು ಗಂಟೆಗೆ ಆಕೆಯ ತರಗತಿ ಒಪ್ಪಿಸುವ ವರದಿ ಅದರದೇ. ಒಪ್ಪಿಸುವವಳು ಆಕೆಯೇ.

ಸಭೆಯ ಕೋಣೆಯಲ್ಲಿ ನಲವತ್ತು ಕುರ್ಚಿ, ಮೂವತ್ತು ಜನ. ಪಾಠ ಹೇಳುವ ನರ್ಸಮ್ಮ, ಮೊದಲು ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಕಿಟಕಿಯ ಪರದೆ ಎಳೆದರು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ, ಮೇಡಂ ಅವರ ಹಿಂದೆ. ಮೇಷ್ಟ್ರು ಬಾಗಿಲ ಹತ್ತಿರದ ಕುರ್ಚಿ ಹಿಡಿದರು. ಸೂಜಿ ಬಂದು ನಿಂತಳು. ತೆಳ್ಳಗಾಗಿದ್ದಾಳೆ ಅನ್ನಿಸಿತು, ಅಥವಾ ಅವರು ಇಷ್ಟು ದಿನ ಆಕೆಯನ್ನು ನೇರವಾಗಿ ನೋಡಿರಲಿಲ್ಲ. ಕಾರಿಡಾರಿನಲ್ಲಿ ಎದುರಾದಾಗೆಲ್ಲ ಆಕೆ, ಚೆನ್ನಾಗಿದೀರಾ ಸರ್, ಎನ್ನುತ್ತಿದ್ದಳು; ಇವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಮುಂದಿನ ಬಿಳಿ ಪರದೆಯ ಮೇಲೆ ಶಿಶುವಿಹಾರದ ನಕ್ಷೆ ಮೂಡಿತು, ಒಂಬತ್ತು ಮಕ್ಕಳಿಗೆ ಒಂಬತ್ತು ಕೆಂಪು ಚುಕ್ಕಿ. ಯಾವ ಮಗು ಯಾವ ನಲ್ಲಿ, ಯಾವ ದಿನ, ಎಷ್ಟು ಲೋಟ. ಶಾಂತವಾಗಿ, ಬಟ್ಟೆ ಕತ್ತರಿಸುವ ಮೊದಲು ಸೀಮೆಸುಣ್ಣದಲ್ಲಿ ಗೆರೆ ಹಾಕಿದ ಹಾಗೆ, ಒಂದಾದಮೇಲೆ ಒಂದು ಹೇಳುತ್ತ ಹೋದಳು. ಎಲ್ಲ ಗೆರೆಗಳೂ ಒಂದು ಗೋಡೆಗೆ ಬಂದವು. ಆಮೇಲೆ ಪರದೆಯ ಮೇಲೆ ಒಡೆದ ಗೋಡೆಯ ಚಿತ್ರ ಬಂತು. ಬೆಸುಗೆ ಆಳೆತ್ತರವಾಗಿ ಕಂಡಿತು.

"ಈ ಜೋಡಣೆ ಮಾಡಿದ್ದು ನಾನು," ಎಂದಳು.

"ಹೊಲಿಗೆಯವರಿಗೆ ಒಳಗೂ ಹೊರಗೂ ತಿರುವಿ ಹಾಕೋದು ಅಭ್ಯಾಸ," ಎಂದರು ಪ್ರಿನ್ಸಿಪಾಲರು. ಅಷ್ಟೇನೂ ಕೆಟ್ಟ ಮನುಷ್ಯರಲ್ಲ, ಕೋಣೆ ಬಿಗಿಯಾಗಿದೆ, ಸಡಿಲಿಸೋಣ ಎಂದುಕೊಂಡರು. ನಾಲ್ಕೈದು ಜನ ನಕ್ಕರು. ಸೂಜಿಯೂ ನಗಲು ನೋಡಿದಳು.

"ಇರ್ಬಹುದು ಸರ್. ತಪ್ಪು ನಂದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ." ಆಕೆ ಚಿತ್ರದ ಕಡೆ ತಿರುಗಿದಳು. "ಈ ಬೆಸುಗೆ ನೋಡಿ. ನನ್ನ ಕೈಯಲ್ಲಿ ಬಂದಿದ್ದರಲ್ಲೆಲ್ಲ ಇದೇ ಚೆನ್ನಾಗಿರೋದು. ಒಂದು ಹನಿ ಸೋರಿಲ್ಲ. ತಪ್ಪು ಪೈಪಿಗೆ ಹಾಕ್ದೆ, ಆದ್ರೆ ಕೆಲಸ ಕಲ್ತಿದ್ದೆ ಅನ್ನೋದಕ್ಕೆ ನನ್ನ ಹತ್ರ ಇರೋದು ಇದೊಂದೇ."

ಮೇಷ್ಟ್ರು ಎದ್ದು ನಿಂತಿದ್ದರು. ಎದ್ದದ್ದು ಅವರಿಗೆ ಗೊತ್ತಾಗಿದ್ದು ಪಕ್ಕದವರು ತಲೆಯೆತ್ತಿ ನೋಡಿದಾಗ.

"ಅದು ನಿಮ್ದಲ್ಲ," ಎಂದರು.

ಯಾರೋ ತುಟಿಯಲ್ಲಿ ಲೊಚಗುಟ್ಟಿದರು. "ಪಾಪ, ಬಿಡಿ ಮೇಷ್ಟ್ರೇ. ಅಷ್ಟಾದ್ರೂ ಇರ್ಲಿ ಆಕೆಗೆ," ಎಂದರು ನರ್ಸಮ್ಮ. ಎಲ್ಲರೂ ಅವರನ್ನು ಒಬ್ಬ ಜಿಪುಣ ಮುದುಕನನ್ನು ನೋಡುವಂತೆ ನೋಡಿದರು. ಅಲ್ಲೇ ಕೂತುಬಿಡಬಹುದಿತ್ತು. ಆಕೆಗೆ ಆ ಬೆಸುಗೆಯನ್ನು ಬಿಟ್ಟುಕೊಟ್ಟು, ತಪ್ಪನ್ನೂ ಬಿಟ್ಟುಕೊಟ್ಟು, ನಿವೃತ್ತಿಯವರೆಗಿನ ಎರಡು ವರ್ಷವನ್ನು ದೂಡಬಹುದಿತ್ತು. ನಿಜ ಹೇಳಿದರೆ ಆಕೆಯ ತಪ್ಪು ಹೋಗುತ್ತದೆ, ಅದರ ಜೊತೆಗೇ ಆಕೆಯ ಹೆಮ್ಮೆಯೂ ಹೋಗುತ್ತದೆ. ಒಂದು ಕ್ಷಣ ಅವರಿಗೆ ಇದೇ ನೆಪವಾಗಿ ಸಿಕ್ಕಿತು. ಆಮೇಲೆ ಆ ನೆಪದ ಮೇಲೇ ಹೇಸಿಗೆಯಾಯಿತು.

"ಬೆಸುಗೆ ನಂದು. ಅಂಚಿನಲ್ಲಿ ಎಡಕ್ಕೆ ನಾಲಗೆ ಉಳಿದಿದೆ ನೋಡಿ, ಅದು ಎಡಗೈಯಲ್ಲಿ ಒರೆಸಿದ್ದು. ನೀವು ಬಲಗೈಯವರು. ನೀವು ಸರಿಯಾಗೇ ಜೋಡಿಸಿದ್ರಿ. ನೀವು ಮನೆಗೆ ಹೋದ್ಮೇಲೆ ನಾನು ಬಂದು ಬಿಚ್ಚಿ, ತಿರುಗಿಸಿ ಹಾಕ್ದೆ. ದಾರ ನಾನೇ ಕತ್ತರಿಸ್ದೆ. ಗೋಡೆ ಒಡೆದ ದಿನವೇ ನಂಗೆ ಗೊತ್ತಾಯ್ತು." ಒಂದೇ ಉಸಿರಿನಲ್ಲಿ, ಹಾಜರಿ ಕೂಗಿದ ಧ್ವನಿಯಲ್ಲಿ ಹೇಳಿದರು. ನಾಲ್ಕು ತಿಂಗಳು ರಿಹರ್ಸಲ್ ಮಾಡಿದ ಮಾತುಗಳಲ್ಲಿ ಒಂದೂ ಇರಲಿಲ್ಲ. ಎದೆ ಹಗುರವಾಗುತ್ತದೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಆಗಲಿಲ್ಲ.

ಪ್ರಿನ್ಸಿಪಾಲರು, ಇದೆಲ್ಲ ಇಲ್ಲಿ ಬೇಡ, ಚೇಂಬರಿಗೆ ಬನ್ನಿ, ಎಂದು ಎದ್ದರು. ಯಾರೂ ಅವರ ಹಿಂದೆ ಹೋಗಲಿಲ್ಲ. ಮೇಡಂ ತಿರುಗಿ ಮೇಷ್ಟ್ರ ಮುಖ ನೋಡಿದಳು, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಬೆಳಿಗ್ಗೆ ಅದೇ ಕೈ ಬೋರ್ಡಿನ ಮೇಲೆ ಅವರ ಮಾತನ್ನು ಬರೆದಿತ್ತು. ಏನಾದರೂ ಬೈಯುತ್ತಾಳೆಂದು ಅವರು ಕಾದರು. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ಅವರ ಮೈಗೆ ತಾಗದಂತೆ ಜಾಗ್ರತೆಯಾಗಿ ದಾಟಿಕೊಂಡು, ಬಾಗಿಲು ತೆರೆದು ಹೋದಳು.

ಸೂಜಿ ಪರದೆಯ ಹತ್ತಿರ ಹೋಗಿ ನಿಂತಿದ್ದಳು. ಚಿತ್ರದ ಅಂಚಿನಲ್ಲಿ ಆ ನಾಲಗೆಯನ್ನು ಬೆರಳಿನಿಂದ ಮುಟ್ಟಿದಳು. ಆಕೆಯ ನೆರಳು ಅದರ ಮೇಲೆ ಬಿದ್ದು ಮರೆಯಾಯಿತು, ಸರಿದು ನಿಂತು ಮತ್ತೆ ನೋಡಿದಳು. ತಿರುಗಿದಾಗ ಮುಖದಲ್ಲಿ ಅಳುವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

"ಎರಡು ವರ್ಷದಲ್ಲಿ ನಾನು ಹನ್ನೊಂದು ಕಡೆ ಕೆಲಸ ಮಾಡಿದೀನಿ ಸರ್," ಎಂದಳು. "ಅದರಲ್ಲಿ ನನ್ನವು ಎಷ್ಟು?"

ಈ ಪ್ರಶ್ನೆಯನ್ನು ಅವರು ಎಣಿಸಿರಲಿಲ್ಲ. ಸರ್ಟಿಫಿಕೇಟಿನ ಬಗ್ಗೆ ಕೇಳುತ್ತಾಳೆ, ಯಾಕೆ ಹೀಗೆ ಮಾಡಿದಿರಿ ಎನ್ನುತ್ತಾಳೆ ಎಂದುಕೊಂಡಿದ್ದರು. ಉಳಿದ ಹತ್ತೂ ನಿಮ್ಮವೇ ಅಮ್ಮಾ, ಅದೊಂದನ್ನು ಬಿಟ್ಟು ಯಾವುದನ್ನೂ ನಾನು ಮುಟ್ಟಿಲ್ಲ: ಇಷ್ಟು ಹೇಳಿದರೆ ಸಾಕು. ಕರುಣೆಯ ಮಾತು, ನಾಲಗೆಯ ತುದಿಗೇ ಬಂದಿತ್ತು. ಆಕೆ ಮನೆಗೆ ಹೋದಮೇಲೆ ಬಂದು ಇನ್ನೊಂದು ಜೋಡಣೆಯನ್ನು ಚೆಂದ ಮಾಡಿಟ್ಟ ಹಾಗೆ.

"ನಾಲ್ಕು," ಎಂದರು.

ಸೂಜಿ ತಲೆಯಾಡಿಸಿದಳು. ಯಾವ ನಾಲ್ಕು ಎಂದು ಕೇಳಿದಳು. ಅವರು ಹೇಳಿದರು. ಗ್ರಂಥಾಲಯದ ಹಿಂದಿನ ನಲ್ಲಿ, ದರ್ಜಿಗಳ ಸಂಘದ ಮಹಡಿ, ಬಸ್ ಡಿಪೋದ ಎರಡು. ಒಂದೊಂದನ್ನೂ ಕೇಳುವಾಗ ಆಕೆಯ ಕಣ್ಣು ಎಲ್ಲೋ ಹೋಗಿ ಆ ಗೋಡೆಯನ್ನು ನೋಡಿ ಬಂದಂತೆ ಕಾಣುತ್ತಿತ್ತು. ಡಿಪೋದ್ದು ಸ್ವಲ್ಪ ಸೊಟ್ಟ ಇತ್ತು, ಎಂದಳು. "ಸೊಟ್ಟ ಇತ್ತು. ಗಟ್ಟಿಯಾಗಿತ್ತು," ಎಂದರು ಮೇಷ್ಟ್ರು. "ಅವತ್ತು ನಂಗೆ ಮುಟ್ಟೋಕೆ ಮನಸ್ಸು ಬರ್ಲಿಲ್ಲ."

ಆಕೆ ನರ್ಸಮ್ಮನ ಮೇಜಿನಿಂದ ವರದಿಯ ಪುಸ್ತಕ ಎತ್ತಿಕೊಂಡಳು. ಖಾಲಿ ಹಾಳೆ ತೆಗೆದಳು. ಮುಂದಿನ ಸಾಲಿನ ಎರಡು ಕುರ್ಚಿಗಳನ್ನು ಎದುರುಬದುರು ಎಳೆದು ಒಂದರಲ್ಲಿ ತಾನು ಕೂತಳು.

"ನನ್ನ ಏಳು ಆಮೇಲೆ ಬರ್ಕೊಳ್ತೀನಿ. ಇಪ್ಪತ್ತೆರಡು ವರ್ಷದಿಂದ ಇಲ್ಲಿದೀರಿ. ಬೇರೆಯವರದ್ದು ಯಾವ್ಯಾವ ಗೋಡೆ ಬಿಚ್ಚಿ ತಿರುಗಿಸಿದೀರಿ? ಯಾವ ಕಟ್ಟಡ, ಯಾವ ವರ್ಷ, ಅಲ್ಲಿ ಈಗ ಯಾರು ನೀರು ಕುಡೀತಾರೆ. ಕೂತ್ಕೊಳ್ಳಿ ಸರ್. ನೆನಪು ಮಾಡ್ಕೊಂಡು ಹೇಳಿ."

ಜನ ಒಬ್ಬೊಬ್ಬರಾಗಿ ಎದ್ದುಹೋದರು, ಕೆಲವರು ನಿಂತೇ ಇದ್ದರು. ಮೇಷ್ಟ್ರು ಆಕೆಯ ಎದುರಿನ ಕುರ್ಚಿಯಲ್ಲಿ ಕೂತರು. ಮೊದಲ ವರ್ಷದಿಂದ ಶುರುಮಾಡಿದರು. ಹುಡುಗಿಯರ ಹಾಸ್ಟೆಲಿನ ಅಡುಗೆಮನೆ. ಮಗ್ಗದ ಕಾರ್ಖಾನೆಯ ಕಕ್ಕಸು. ಒಬ್ಬ ದಂತವೈದ್ಯರ ಕ್ಲಿನಿಕ್ಕು, ಅದು ಈಗ ಬೇಕರಿ. ಪ್ರತಿಯೊಂದರ ಜೊತೆಗೂ ಒಬ್ಬ ಹುಡುಗನ ಮುಖ ಬರುತ್ತಿತ್ತು, ಅವನು ಬೆಳಿಗ್ಗೆ ತನ್ನ ಬೆಸುಗೆಯನ್ನು ನೋಡಿ ಹಿಗ್ಗಿದ್ದು ಬರುತ್ತಿತ್ತು. ಅದನ್ನೂ ಹೇಳಿದರು, ಆಕೆ ಬರೆದುಕೊಳ್ಳಲಿಲ್ಲ. ಕಟ್ಟಡದ ಹೆಸರು, ವರ್ಷ, ಎಡ, ಬಲ ಇಷ್ಟನ್ನೇ ಬರೆದುಕೊಂಡಳು. ಅನುಮಾನ ಬಂದಲ್ಲಿ ಎರಡು ಸಲ ಕೇಳಿದಳು. ಹಾಳೆ ತುಂಬಿತು.

"ಇಷ್ಟೇನಾ?" ಎಂದಳು.

"ಇಲ್ಲ," ಎಂದರು ಮೇಷ್ಟ್ರು. "ಇದು ಮೊದಲ ಮೂರು ವರ್ಷದ್ದು."

ಸೂಜಿ ಹಾಳೆ ಮಗುಚಿ, ಮೇಲೆ ತಾರೀಖು ಹಾಕಿದಳು.